ಮಗಳ ತಲೆಯ ಮೇಲಿನ ಆಣೆ

ಕುಡಿತಕ್ಕೆ ಸಿಕ್ಕಿದ ಮನುಷ್ಯನ ಕೈ ಹಿಡಿದು, ಏನೂ ಅರಿಯದ ಅವನ ಮಗುವಿನ ತಲೆಯ ಮೇಲೆ ಇಡಿಸಿ, "ಇನ್ನು ಮುಟ್ಟುವುದಿಲ್ಲ ಅಂತ ಆಣೆ ಮಾಡು" ಎಂದು ಗದರಿದವರಲ್ಲಿ ನೀವೂ ಒಬ್ಬರಲ್ಲವೇ? ಗದರದಿದ್ದರೆ, ಗದರುವವರ ಪಕ್ಕದಲ್ಲಿ ನಿಂತು ತಲೆಯಾಡಿಸಿದವರಲ್ಲವೇ? ಆಣೆ ಮಾಡಿಸಿದಿರಿ, ಕಾಫಿ ಕುಡಿದಿರಿ, ಒಂದು ಸಂಸಾರವನ್ನು ಉಳಿಸಿದೆವೆಂಬ ತೃಪ್ತಿಯಿಂದ ಮನೆಗೆ ಹೋದಿರಿ. ಆಮೇಲೆ ಆ ಮನುಷ್ಯನ ಪಾಡು ಏನಾಯಿತೆಂದು ಒಮ್ಮೆಯಾದರೂ ತಿರುಗಿ ನೋಡಿದಿರಾ?

ನೋಡಿಲ್ಲವಾದರೆ, ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿರುವ ಸುಹಾಸನ ಕಥೆಯನ್ನು ತಾಳ್ಮೆಯಿಂದ ಓದಿರಿ.

ಸುಹಾಸ್ ಮೈಸೂರಿನವನು, ಸಾಫ್ಟ್‌ವೇರ್ ಎಂಜಿನಿಯರ್. ಹೆಂಡತಿ ನಿಶ್ಚಿತಾ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಮಗಳು ಧೃತಿಗೆ ಒಂಬತ್ತು ವರ್ಷ. ಸುಹಾಸನಿಗೆ ವಾರದಲ್ಲಿ ನಾಲ್ಕು ದಿನ ಮನೆಯಿಂದಲೇ ಕೆಲಸ. ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಒಂದು ಬಿಯರ್ ತೆರೆಯುವುದು ಹಾಗೆ ಮನೆಯಿಂದ ಕೆಲಸ ಶುರುವಾದ ಮೊದಲ ವರ್ಷದ ಅಭ್ಯಾಸವಾಗಿತ್ತು. ನಾಲ್ಕನೆಯ ವರ್ಷಕ್ಕೆ ಆ ಒಂದು ಐದಾಯಿತು, ಆರಾಯಿತು. ಅವನು ಕೂಗಾಡುವವನಲ್ಲ, ಯಾರ ಮೇಲೂ ಕೈಯೆತ್ತಿದವನಲ್ಲ. ಎಂಟು ಗಂಟೆಯ ಹೊತ್ತಿಗೆ ಸೋಫಾದ ಮೇಲೆ ಕೊರಡಿನಂತೆ ಬಿದ್ದುಬಿಡುತ್ತಿದ್ದ, ಅಷ್ಟೆ. ಆ "ಅಷ್ಟೆ" ಎಂಬ ಮಾತಿನೊಳಗೆ ಎಷ್ಟು ದೊಡ್ಡ ಅಪಾಯ ಅಡಗಿದೆಯೆಂಬುದು ಮಾರ್ಚ್ ತಿಂಗಳ ಒಂದು ಸಂಜೆ ತಿಳಿಯಿತು. ನಿಶ್ಚಿತಾ ಪ್ರಯೋಗಾಲಯದಲ್ಲಿದ್ದಳು. ಧೃತಿಗೆ ವಾಂತಿ ಶುರುವಾಯಿತು. ಅಪ್ಪನನ್ನು ಹತ್ತು ಸಲ ಅಲುಗಾಡಿಸಿದರೂ ಅವನು ಏಳಲಿಲ್ಲ. ಮಗು ಬರಿಗಾಲಿನಲ್ಲಿ ಹೋಗಿ ಎದುರು ಮನೆಯ ಜರ್ಮನ್ ಅಜ್ಜಿಯ ಬಾಗಿಲು ತಟ್ಟಿತು.

ಅದಾದ ಮೂರನೆಯ ವಾರದಲ್ಲಿ ನಿಶ್ಚಿತಾಳಿಗೆ ಕಂಪನಿಯಿಂದ ಪತ್ರ ಬಂತು. ಸೆಪ್ಟೆಂಬರಿನಲ್ಲಿ ಹ್ಯಾನೋವರ್‌ನಲ್ಲಿ ಮೂರು ವಾರಗಳ ತರಬೇತಿ. ಅದನ್ನು ಮುಗಿಸಿದರೆ ಪ್ರಯೋಗಾಲಯದ ಒಂದು ವಿಭಾಗಕ್ಕೆ ಮುಖ್ಯಸ್ಥೆ. ಆರು ವರ್ಷ ಜರ್ಮನ್ ಕಲಿತು, ಕಾದು, ದುಡಿದು ಪಡೆದ ಅವಕಾಶ. ಒಪ್ಪಿಗೆ ತಿಳಿಸಲು ಜುಲೈ ಕೊನೆಯವರೆಗೆ ಸಮಯವಿತ್ತು.

"ಮೂರು ವಾರ ಧೃತಿನ ಯಾರ ಹತ್ರ ಬಿಟ್ಟು ಹೋಗ್ಲಿ?" ಎಂದು ಅವಳು ಕೇಳಿದಳು.

"ನಾನಿಲ್ವಾ?" ಎಂದ ಸುಹಾಸ್.

ನಿಶ್ಚಿತಾ ಪತ್ರವನ್ನು ಮಡಚಿ ಎತ್ತಿಟ್ಟಳು. ಅದೇ ತನಗೆ ಸಿಕ್ಕ ಉತ್ತರವೆಂದು ಸುಹಾಸನಿಗೂ ತಿಳಿಯಿತು.

ಅವಳು ಹೋಗಿ ದ್ವಾರಕನಾಥರಿಗೆ ಹೇಳಿಕೊಂಡಳು. ದ್ವಾರಕನಾಥರು ಮೂವತ್ತೆಂಟು ವರ್ಷಗಳಿಂದ ಜರ್ಮನಿಯಲ್ಲಿ ನೆಲೆಸಿರುವ ನಿವೃತ್ತ ವಿಜ್ಞಾನಿ. ಊರಿನ ಕನ್ನಡಿಗರಿಗೆಲ್ಲ ಹಿರಿಯರು. ಅವರ ಹೆಂಡತಿ ಕಾಂತಾಮಣಿ ಇಪ್ಪತ್ತಾರು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಆದರೆ ಆ ತಿಂಗಳು ಆಕೆ ತಂಗಿಯ ಮಗಳ ಮದುವೆಗೆಂದು ಮೈಸೂರಿಗೆ ಹೋಗಿದ್ದರು. ಹೀಗಾಗಿ ಒಂದು ಭಾನುವಾರ ದ್ವಾರಕನಾಥರು ಒಬ್ಬರೇ, ಸುಹಾಸನ ಗೆಳೆಯ ಚಂದನ್‌ನನ್ನು ಜೊತೆ ಮಾಡಿಕೊಂಡು, ಸುಹಾಸನ ಮನೆಗೆ ಬಂದರು.

"ನೋಡಪ್ಪ ಸುಹಾಸ್, ಇದೆಲ್ಲ ಮನಸ್ಸಿನ ಪ್ರಶ್ನೆ," ಎಂದರು. "ನಾನು ಎಂಬತ್ತೆಂಟನೇ ಇಸವೀಲಿ ಸಿಗರೇಟು ಬಿಟ್ಟೆ. ಒಂದೇ ದಿನ. ಮುಗೀತು."

"ಅಂಕಲ್, ಇಲ್ಲಿ ಬೆರಾಟುಂಗ್ ಅಂತ ಸಲಹಾ ಕೇಂದ್ರ ಇರುತ್ತಂತೆ. ಅಲ್ಲಿಗೆ ಒಂದ್ಸಲ..." ಎಂದಳು ನಿಶ್ಚಿತಾ.

"ಅದೊಂದು ಬೇಡ," ಎಂದು ಸುಹಾಸ್ ತಟ್ಟನೆ ಹೇಳಿದ. "ಎಲ್ಲಾದ್ರೂ ರೆಕಾರ್ಡ್ ಆಗ್ಬಿಡುತ್ತೆ. ನಾಳೆ ಪರ್ಮನೆಂಟ್ ರೆಸಿಡೆನ್ಸ್‌ಗೆ ಅಪ್ಲೈ ಮಾಡಿದಾಗ ವೀಸಾ ಆಫೀಸಲ್ಲಿ ತೆಗೆದು ತೋರಿಸ್ತಾರೆ."

"ನಮ್ಮ ಹುಡುಗನ ಮಾನನ ಬೇರೆಯವರ ಮುಂದೆ ಯಾಕೆ ಹರಾಜು ಹಾಕ್ಬೇಕು?" ಎಂದು ದ್ವಾರಕನಾಥರೂ ದನಿಗೂಡಿಸಿದರು.

ಚಂದನ್ ನಕ್ಕ. "ಏ ಮಗಾ, ಇಲ್ಲಿ ಬಿಯರ್ ಅಂದ್ರೆ ನಮ್ಮೂರಲ್ಲಿ ಮಜ್ಜಿಗೆ ಇದ್ದಂಗೆ. ನಿಂದು ಒಂಚೂರು ಜಾಸ್ತಿ ಆಗಿದೆ. ಬಿಟ್ಬಿಡು, ಅಷ್ಟೇ. ಇದಕ್ಕೆಲ್ಲ ಆಫೀಸು, ಫಾರ್ಮು ಬೇಕಾ?"

ದ್ವಾರಕನಾಥರು ಒಳಗೆ ಬಣ್ಣ ಹಚ್ಚುತ್ತ ಕುಳಿತಿದ್ದ ಧೃತಿಯನ್ನು ಕರೆದರು. ಸುಹಾಸನ ಬಲಗೈಯನ್ನು ತೆಗೆದು ಅವಳ ನೆತ್ತಿಯ ಮೇಲಿಟ್ಟರು.

"ಇಸ್ ದಿಸ್ ಎ ಬ್ಲೆಸ್ಸಿಂಗ್?" ಎಂದು ಧೃತಿ ಕೇಳಿದಳು.

"ಅಲ್ಲ ಪುಟ್ಟಿ. ನಿಮ್ಮಪ್ಪ ಇವತ್ತಿಂದ ಬಿಯರ್ ಮುಟ್ಟಲ್ಲ ಅಂತ ನಿನ್ನ ಮೇಲೆ ಆಣೆ ಮಾಡ್ತಿದಾನೆ. ಮುಟ್ಟಿದ್ರೆ ನಿನಗೆ ಒಳ್ಳೇದಾಗಲ್ಲ. ಅದಕ್ಕೇ ಮುಟ್ಟಲ್ಲ."

ಮಗು ತಲೆ ಎತ್ತಿ ಅಪ್ಪನನ್ನು ನೋಡಿತು. ಸುಹಾಸ್ ಆಣೆ ಮಾಡಿದ. ಪ್ರಾಮಾಣಿಕವಾಗಿಯೇ ಮಾಡಿದ.

ಉಪಗ್ರಹಗಳ ದಾರಿಯನ್ನು ಲೆಕ್ಕ ಹಾಕಿ ಬದುಕಿದ ಒಬ್ಬ ವಿದ್ಯಾವಂತರು, ಒಂದು ರೋಗಕ್ಕೆ ಒಂದು ಮಗುವನ್ನು ಒತ್ತೆಯಿಟ್ಟರು! ಇದನ್ನು ಅಜ್ಞಾನವೆನ್ನಲು ನನಗೆ ಮನಸ್ಸಿಲ್ಲ, ಅಜ್ಞಾನಿಗೆ ಕ್ಷಮೆಯುಂಟು. ತಿಳಿದುಕೊಳ್ಳಲು ಸಾಧನವಿದ್ದೂ ತಿಳಿದುಕೊಳ್ಳದ ಉದಾಸೀನವಿದು. ಅವರ ಹೃದಯದಲ್ಲಿ ಪ್ರೀತಿಯಿತ್ತೆಂಬುದು ನಿಜ. ಪ್ರೀತಿಯಿಂದ ಮಾಡಿದ ತಪ್ಪೂ ತಪ್ಪೇ.

ಎರಡನೆಯ ದಿನ ಸುಹಾಸನ ಬೆನ್ನು ಬೆವರಿನಿಂದ ತೊಯ್ದುಹೋಯಿತು. ಕೈ ನಡುಗಿ, ಮೀಟಿಂಗಿನಲ್ಲಿ ಮೌಸ್ ಹಿಡಿಯಲಾಗಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು. ತಾನು ಸಾಯುತ್ತಿದ್ದೇನೆಂದೇ ಅವನಿಗೆ ಅನ್ನಿಸಿತು. ಮೂರನೆಯ ದಿನ ಅವನು ಕೆಲ್ಲರ್‌ಗೆ ಇಳಿದ. ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳೂ ಪ್ರತಿ ಮನೆಗೊಂದು ಸಾಮಾನಿನ ಗೂಡೂ ಇರುವ ಜಾಗ ಅದು. ಹಳೆಯ ಸೂಟ್‌ಕೇಸುಗಳ ನಡುವೆ ನಿಂತು ಅವನು ಎರಡು ಬಾಟಲಿ ಕುಡಿದ. ಅರ್ಧ ಗಂಟೆಯಲ್ಲಿ ನಡುಕ ನಿಂತಿತು. ಆಣೆ ಮುರಿಯಿತು.

ಅಂದಿನಿಂದ ಸುಹಾಸನಿಗೆ ಬಟ್ಟೆ ಒಗೆಯುವುದರಲ್ಲಿ ಅಪಾರ ಆಸಕ್ತಿ ಹುಟ್ಟಿತು. ದಿನಕ್ಕೆ ಎರಡು ಸಲ, ಮೂರು ಸಲ ಬುಟ್ಟಿ ಹೊತ್ತು ಕೆಳಗೆ ಹೋಗುತ್ತಿದ್ದ. ನಿಶ್ಚಿತಾ ಮೊದಲ ವಾರ ಹಿಗ್ಗಿದಳು. "ಮದುವೆಯಾಗಿ ಹನ್ನೊಂದು ವರ್ಷಕ್ಕೆ ಈ ಮನುಷ್ಯನಿಗೆ ಸಾಕ್ಸ್ ಎಲ್ಲಿ ಒಣಗುತ್ತೆ ಅಂತ ಗೊತ್ತಾಯ್ತು," ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದಳು. ಎರಡನೆಯ ವಾರ ಒಗೆದ ಟವೆಲ್ಲೇ ಮತ್ತೆ ಒಗೆಯಲು ಹೋದದ್ದನ್ನು ಕಂಡಳು. ಹಿಗ್ಗು ಅಲ್ಲಿಗೆ ಇಂಗಿತು. ಆದರೆ ಕೇಳಲು ಅವಳಿಗೂ ಧೈರ್ಯವಾಗಲಿಲ್ಲ. ಕೇಳಿದರೆ ಆಣೆಯ ಮಾತು ಬರುತ್ತದೆ, ಆಣೆಯ ಮಾತು ಬಂದರೆ ಮಗಳ ಮಾತು ಬರುತ್ತದೆ. ಆಣೆ ಮಾಡಿದ ಸಾಧನೆ ಇಷ್ಟೇ: ಮೊದಲು ಕಣ್ಣೆದುರು ನಡೆಯುತ್ತಿದ್ದ ಕುಡಿತ ಈಗ ನೆಲದಡಿಗೆ ಇಳಿಯಿತು.

ಮೇ ತಿಂಗಳಲ್ಲಿ ಧೃತಿ ಶಾಲೆಯ ಆಟದ ಕಂಬಿಯಿಂದ ಜಾರಿ ಬಿದ್ದು ಎಡ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿಸಿ ಕರೆತಂದರು. ಮನೆಯಲ್ಲಿ ಅಪ್ಪ ದಿಂಬು ಸರಿಮಾಡುತ್ತಿದ್ದಾಗ ಅವಳು ಮೆಲ್ಲಗೆ ಕೇಳಿದಳು: "ಅಪ್ಪಾ, ನೀನು ಕುಡಿದ್ಯಾ? ಅದಕ್ಕೇ ನನ್ನ ಕೈ ಮುರೀತಾ?"

ಸುಹಾಸ್ ದಿಂಬನ್ನು ಅಲ್ಲಿಯೇ ಬಿಟ್ಟ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತು ಅತ್ತ.

ಊರಿನಿಂದ ಹಿಂತಿರುಗಿದ್ದ ಕಾಂತಾಮಣಿಯವರು ಮರುದಿನ ಗಂಡನೊಡನೆ ಮಗುವನ್ನು ನೋಡಲು ಬಂದರು. ಡಬ್ಬಿಯಲ್ಲಿ ಗಸಗಸೆ ಪಾಯಸವಿತ್ತು. ಪ್ಲಾಸ್ಟರಿನ ಮೇಲೆ ಹೆಸರು ಬರೆಯುತ್ತ, "ಹೇಗೆ ಬಿದ್ದೆ ಕಂದಾ?" ಎಂದು ಕೇಳಿದರು. ಧೃತಿ ಕಂಬಿಯ ವಿಷಯ ಹೇಳಲಿಲ್ಲ. ಆಣೆಯ ವಿಷಯ ಹೇಳಿದಳು.

ಕಾಂತಾಮಣಿಯವರು ಪೆನ್ನಿನ ಮುಚ್ಚಳ ಹಾಕಿದರು.

"ರೀ, ಇಲ್ಲಿ ಬನ್ನಿ."

ದ್ವಾರಕನಾಥರು ಬಂದರು.

"ನಾನು ಒಂದು ತಿಂಗಳು ಊರಿಗೆ ಹೋದ್ರೆ ನೀವು ಪುರೋಹಿತರಾಗ್ಬಿಟ್ರಾ? ಯಾವ ಪುಸ್ತಕದಲ್ಲಿ ಓದಿದ್ರಿ ಈ ಟ್ರೀಟ್‌ಮೆಂಟು?"

"ಕಾಂತಾ, ಅವನ ಒಳ್ಳೇದಕ್ಕೇ..."

"ಒಳ್ಳೇದಕ್ಕೆ! ದಿನಾ ಆರು ಬಾಟ್ಲಿ ಕುಡಿಯೋ ಶರೀರ ಅದಕ್ಕೆ ಒಗ್ಗಿಹೋಗಿರುತ್ತೆ. ತಟ್ಟಂತ ನಿಲ್ಸಿದ್ರೆ ನಡುಕ, ಬೆವರು, ಒಂದೊಂದ್ಸಲ ಫಿಟ್ಸ್. ನಮ್ಮ ವಾರ್ಡಲ್ಲಿ ಹಾಗೆ ಮನೇಲೇ ನಿಲ್ಲಿಸಿ ಫಿಟ್ಸ್ ಬಂದವರನ್ನ ಆಂಬುಲೆನ್ಸಲ್ಲಿ ತರ್ತಿದ್ರು. ಜೀವಕ್ಕೇ ಅಪಾಯ ಕಣ್ರೀ. ಸುಹಾಸ್, ನಿಜ ಹೇಳು. ಎರಡನೇ ದಿನ ಏನಾಯ್ತು?"

ಸುಹಾಸ್ ನಿಂತಲ್ಲೇ ಎಲ್ಲವನ್ನೂ ಹೇಳಿದ. ಬೆವರು, ನಡುಕ, ಸೂಟ್‌ಕೇಸುಗಳ ನಡುವಿನ ಬಾಟಲಿ, ಒಗೆದ ಟವೆಲ್ಲು. ಹೇಳಿ ಮುಗಿಸಿ, "ನಾನು ಕೆಟ್ಟವನು ಆಂಟಿ. ಮಗಳ ಮೇಲೆ ಆಣೆ ಮಾಡಿ ಮುರಿದೆ," ಎಂದ.

"ನೀನು ಕೆಟ್ಟವನಲ್ಲಪ್ಪ. ನಿನ್ನ ಶರೀರ ಔಷಧಿ ಕೇಳ್ತಿತ್ತು, ನಿನಗೆ ಇವರು ಆಣೆ ಕೊಟ್ರು." ಆಕೆ ಗಂಡನ ಕಡೆ ತಿರುಗಿದರು. "ಮೊದಲು ಆ ಮಗು ಹತ್ರ ಹೋಗಿ ಮಾತು ವಾಪಸ್ ತಗೊಳ್ಳಿ. ಹೇಳಿದ್ದು ನೀವು. ನೀವೇ ತಗೋಬೇಕು."

ಎಪ್ಪತ್ತನಾಲ್ಕು ವರ್ಷದ ದ್ವಾರಕನಾಥರು ಮಂಡಿ ನೋವಿನ ಕಾಲನ್ನು ಮಡಚಿ ಮಗುವಿನ ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತರು.

"ಪುಟ್ಟಿ, ನಾನು ಅವತ್ತು ಹೇಳಿದ್ದು ತಪ್ಪು. ಅಪ್ಪ ಏನು ಕುಡಿದ್ರೂ ಅದರಿಂದ ನಿನ್ನ ಕೈ ಮುರಿಯಲ್ಲ."

"ಆರ್ ಯು ಶೂರ್, ತಾತ?"

"ಶೂರ್."

"ಸೈಂಟಿಫಿಕಲಿ?"

"ಸೈಂಟಿಫಿಕಲಿ. ನೀನು ಬಿದ್ದದ್ದು ಕೈ ಜಾರಿದ್ದಕ್ಕೆ. ಅಪ್ಪನಿಗೆ ಒಂದು ಕಾಯಿಲೆ ಇದೆ. ಅದನ್ನ ವಾಸಿ ಮಾಡೋದು ದೊಡ್ಡವರ ಕೆಲಸ. ನಿನ್ನದಲ್ಲ."

"ಓಕೆ," ಎಂದಳು ಧೃತಿ. "ಈಗ ಪಾಯಸ ತಿನ್ಬಹುದಾ?"

ಮಗುವಿಗೆ ನ್ಯಾಯ ಸಿಕ್ಕಿತು. ಅಪ್ಪನಿಗೆ ಚಿಕಿತ್ಸೆ ಸಿಗಬೇಕಾಗಿತ್ತು.

"ನಾಳೆನೇ ಹೌಸ್‌ಆರ್ಟ್ಸ್ಟ್ ಹತ್ರ ಅಪಾಯಿಂಟ್‌ಮೆಂಟ್ ತಗೋ," ಎಂದರು ಕಾಂತಾಮಣಿ. "ನಿಮ್ಮ ಮನೆ ಡಾಕ್ಟರಿಗೆ ಸುಳ್ಳು ಹೇಳ್ಬೇಡ. ಎಷ್ಟು ಕುಡೀತೀಯೋ ಅಷ್ಟೂ ಹೇಳು. ಅಲ್ಲೀವರೆಗೂ ನೀನಾಗಿ ನೀನೇ ಏಕ್‌ದಂ ನಿಲ್ಸೋಕೆ ಹೋಗ್ಬೇಡ."

"ಆಂಟಿ, ಆಫೀಸಿಗೆ ಗೊತ್ತಾದ್ರೆ? ವೀಸಾ..."

"ಡಾಕ್ಟರೂ ಆ ಬೆರಾಟುಂಗ್‌ನವರೂ ನಿನ್ನ ಮಾತು ಹೊರಗೆ ಹೇಳೋ ಹಾಗಿಲ್ಲ. ಕಾನೂನು ಅದು. ನಿನ್ನ ಮ್ಯಾನೇಜರಿಗೂ ಹೇಳಲ್ಲ, ವೀಸಾ ಆಫೀಸಿಗೂ ಹೇಳಲ್ಲ. ಬೆರಾಟುಂಗ್‌ಗೆ ಫೀಸೂ ಇಲ್ಲ. ಇಪ್ಪತ್ತಾರು ವರ್ಷ ನಾನು ಅಲ್ಲಿಗೆ ಜನರನ್ನ ಕಳಿಸಿದೀನಿ, ನನಗೆ ಗೊತ್ತಿಲ್ವಾ? ಒಬ್ಬನೇ ಹೋಗೋಕೆ ಮುಜುಗರ ಆದ್ರೆ ನಾನು ಬರ್ತೀನಿ. ಹೊರಗಡೆ ಕುರ್ಚಿ ಮೇಲೆ ಕೂತು ಸ್ವೆಟರ್ ಹೆಣೀತೀನಿ."

ಮೇ ತಿಂಗಳ ಬಿಸಿಲಿನಲ್ಲಿ ಆಕೆ ನಿಜವಾಗಿಯೂ ಹೊರಗೆ ಕುಳಿತು ಸ್ವೆಟರ್ ಹೆಣೆದರು.

ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ಯಕೃತ್ತಿಗೆ ಪೆಟ್ಟು ಬಿದ್ದಿದೆ, ಆದರೆ ಚೇತರಿಸಿಕೊಳ್ಳಬಲ್ಲದು ಎಂದರು. ತಮ್ಮ ಕಣ್ಗಾವಲಿನಲ್ಲಿ ಹಂತಹಂತವಾಗಿ ಇಳಿಸುತ್ತ ಬರಲು ಒಂದು ಕ್ರಮ ಹಾಕಿಕೊಟ್ಟು, ವಾರಕ್ಕೆರಡು ಸಲ ಬರಹೇಳಿದರು. ಕೆಲವರಿಗೆ ಕಡಿಮೆ ಮಾಡಿದರೆ ಸಾಕು, ಕೆಲವರು ಪೂರ್ತಿ ಬಿಡಲೇಬೇಕು, ಕೆಲವರು ಆಸ್ಪತ್ರೆಗೆ ಸೇರಿಯೇ ಬಿಡಬೇಕು. ಯಾರು ಯಾವ ಗುಂಪೆಂಬುದನ್ನು ತಾವು ನೋಡಿ ಹೇಳುವುದಾಗಿ ತಿಳಿಸಿದರು. ಸಲಹಾ ಕೇಂದ್ರದಾಕೆ ಕೇಳಿದ್ದು ಇನ್ನೊಂದು ಪ್ರಶ್ನೆ: ದಿನದಲ್ಲಿ ಕಷ್ಟವಾದ ಹೊತ್ತು ಯಾವುದು, ಆ ಹೊತ್ತಿನಲ್ಲಿ ಜೊತೆಗೆ ಯಾರಿದ್ದಾರೆ?

ಆರರಿಂದ ಒಂಬತ್ತು. ಯಾರೂ ಇಲ್ಲ. ಇದು ಸುಹಾಸನ ಉತ್ತರವಾಗಿತ್ತು.

ಕಾಂತಾಮಣಿಯವರಿಗೆ ಅಷ್ಟು ಸಾಕಾಯಿತು. ಆ ವಾರದಿಂದಲೇ ಸುಹಾಸನ ಸಂಜೆಗಳು ಹಂಚಿಕೆಯಾದವು. ಸೋಮವಾರ ಚಂದನ್‌ನೊಡನೆ ಬ್ಯಾಡ್ಮಿಂಟನ್. ಬುಧವಾರ ಕಾಂತಾಮಣಿಯವರ ಮನೆಯಲ್ಲಿ ಊಟ. ಶುಕ್ರವಾರ ದ್ವಾರಕನಾಥರೊಡನೆ ಕಾಡಿನ ದಾರಿಯಲ್ಲಿ ನಡಿಗೆ. ಉಳಿದ ಸಂಜೆಗಳಿಗೆ ನಿಶ್ಚಿತಾ ಬೇಗ ಮನೆ ಸೇರುವಂತೆ ಪಾಳಿ ಬದಲಿಸಿಕೊಂಡಳು.

ದ್ವಾರಕನಾಥರಿಗೆ ಮಾತ್ರ ಸಮಾಧಾನವಾಗಲಿಲ್ಲ. "ಇಷ್ಟು ಜನ ಸೇರಿ ಒಬ್ಬ ಗಂಡಸನ್ನ ಕಾಯೋದು ಅಂದ್ರೆ ಅವನನ್ನ ಮಗು ಮಾಡಿದ ಹಾಗಲ್ವೇ?"

"ನಿಮಗೆ ಬೈಪಾಸ್ ಆದಾಗ ಮೂರು ತಿಂಗಳು ಎಷ್ಟು ಮನೆಯಿಂದ ಸಾರು ಬಂತು? ಚಂದನ್ ದಿನಾ ಬಂದು ನಿಮ್ಮನ್ನ ಪಾರ್ಕ್ ಸುತ್ತಿಸ್ತಿದ್ದ. ಆಗ ನೀವು ಮಗು ಆಗಿದ್ರಾ?"

"ಅದು ಹಾರ್ಟ್, ಕಾಂತಾ."

"ಇದು ಲಿವರ್ರು. ಎರಡೂ ಎದೆ ಹೊಟ್ಟೆ ಒಳಗೇ ಇರೋದು."

ಚಂದನ್ ಮೊದಲ ಸೋಮವಾರ ಆಟ ಮುಗಿದ ಮೇಲೆ, ರೂಢಿಯಂತೆ, "ಒಂದು ಬಿಯರ್..." ಎಂದು ಬಾಯಿ ತೆರೆದು, ಮುಚ್ಚಿಕೊಂಡ. "ಸಾರಿ ಮಗಾ. ನಾಲಿಗೆ ತಾನಾಗೇ ಹೇಳ್ಬಿಡುತ್ತೆ."

"ನೀನು ಕುಡಿ ಗುರು, ಪರವಾಗಿಲ್ಲ."

"ಹಾಳಾಗ್ ಹೋಗ್ಲಿ, ನಾನೂ ಸೋಡಾನೇ ಕುಡೀತೀನಿ. ನನ್ನ ಹೊಟ್ಟೆ ನೋಡು, ಅದಕ್ಕೂ ಒಂದು ಬೆರಾಟುಂಗ್ ಬೇಕು."

ನೇರವಾದ ಏಣಿಯನ್ನು ಹತ್ತಿದಂತೆ ಸುಹಾಸ್ ಮೇಲೆ ಬಂದನೆಂದು ಬರೆದರೆ ಅದು ಸುಳ್ಳಾದೀತು. ಸುಳ್ಳಿನಿಂದ ಯಾರಿಗೂ ಹಿತವಾಗದು. ಜುಲೈ ಮೊದಲ ವಾರದ ಹೊತ್ತಿಗೆ ಅವನ ಸಂಜೆಗಳಲ್ಲಿ ಬಿಯರ್ ಇರಲಿಲ್ಲ. ಎರಡನೆಯ ವಾರ, ಆಫೀಸಿನ ಕೆಲಸವೊಂದು ಕೆಟ್ಟ ದಿನ, ಮೂರು ಬಾಟಲಿ ಕುಡಿದ. ಆದರೆ ಮರುದಿನ ತಿಂಡಿಯ ಹೊತ್ತಿಗೆ, ದೋಸೆ ತಟ್ಟೆಯ ಮುಂದೆ ಕುಳಿತು, ತಾನಾಗಿಯೇ ಹೇಳಿದ: "ನಿಶ್ಚಿ, ನಿನ್ನೆ ಮೂರು ಕುಡಿದೆ."

ನಿಶ್ಚಿತಾ ಕಾವಲಿಯ ಮೇಲಿನ ದೋಸೆಯನ್ನು ಮಗುಚಿದಳು. "ಡಾಕ್ಟರಿಗೂ ಹೇಳು," ಎಂದಳು. ಮತ್ತೆ, "ಇನ್ನೊಂದು ಹಾಕ್ಲಾ?" ಎಂದಳು. ಅವನ ತಟ್ಟೆಗೆ ಬೆಣ್ಣೆ ಹೆಚ್ಚಾಗಿಯೇ ಬಿತ್ತು.

ಇನ್ನು ಮೇಲೆ ತನ್ನ ಮಟ್ಟಿಗೆ ಪೂರ್ತಿ ಬಿಡುವುದೇ ದಾರಿಯೆಂದು ಸುಹಾಸ್ ವೈದ್ಯರೊಡನೆ ಮಾತಾಡಿ ನಿಶ್ಚಯಿಸಿದ್ದು ಆ ವಾರವೇ.

ಜುಲೈ ಕೊನೆಗೆ ಬಂತು. ಒಪ್ಪಿಗೆ ತಿಳಿಸಲು ಮೂರು ದಿನ ಉಳಿದಿತ್ತು. ಸಲಹಾ ಕೇಂದ್ರದಲ್ಲಿ ಮನೆಯವರಿಗಾಗಿಯೇ ಮೀಸಲಾದ ಹೊತ್ತಿನಲ್ಲಿ ಇಬ್ಬರೂ ಕುಳಿತಿದ್ದಾಗ ನಿಶ್ಚಿತಾ ನೇರವಾಗಿ ಹೇಳಿದಳು: "ಕುಡಿಯಲ್ಲ ಅಂತ ನನಗೆ ಮಾತು ಕೊಡ್ಬೇಡ ಸುಹಾಸ್. ಮಾತು ಸಾಕಾಗಿದೆ. ಕುಡೀಬೇಕು ಅನ್ನಿಸಿದಾಗ, ಕುಡಿಯೋ ಮುಂಚೆ, ಯಾರನ್ನಾದ್ರೂ ಕರೀತೀಯಾ? ಅಷ್ಟು ಮಾಡ್ತೀಯಾದ್ರೆ ನಾನು ಹೋಗ್ತೀನಿ."

"ಪ್ರಯತ್ನ ಮಾಡ್ತೀನಿ," ಎಂದ ಸುಹಾಸ್. ನಾಲ್ಕು ವರ್ಷಗಳಲ್ಲಿ ಅವನು ಅವಳಿಗೆ ಹೇಳಿದ ಅತ್ಯಂತ ನಿಜವಾದ ಮಾತು ಅದಾಗಿತ್ತು. ನಿಶ್ಚಿತಾ ಒಪ್ಪಿಗೆಯ ಪತ್ರ ಕಳುಹಿಸಿದಳು.

ಸೆಪ್ಟೆಂಬರಿನಲ್ಲಿ ಅವಳು ಹ್ಯಾನೋವರ್‌ಗೆ ಹೊರಟಳು. ಮೊದಲ ವಾರ ಸುಸೂತ್ರವಾಗಿ ಕಳೆಯಿತು. ಎರಡನೆಯ ವಾರದ ಗುರುವಾರ, ಯಾರೂ ಬರುವ ಸರದಿಯಿಲ್ಲದ ದಿನ, ಸಂಜೆ ಐದೂವರೆಗೆ ಮ್ಯಾನೇಜರ್ ಫೋನ್ ಮಾಡಿ, ಸುಹಾಸ್ ಎರಡು ವರ್ಷ ದುಡಿದ ಪ್ರಾಜೆಕ್ಟನ್ನು ಕಂಪನಿ ಕೈಬಿಟ್ಟಿದೆ ಎಂದು ತಿಳಿಸಿದರು. ಮೂಲೆಯ ಅಂಗಡಿಗೆ ನಡೆದರೆ ಮೂರೇ ನಿಮಿಷ. ಧೃತಿ ಒಳಗೆ ಹೋಮ್‌ವರ್ಕ್ ಮಾಡುತ್ತಿದ್ದಳು. ಸುಹಾಸ್ ಶೂ ಹಾಕಿಕೊಂಡ. ಒಂದು ಶೂವಿನ ದಾರ ಕಟ್ಟಿದ. ಎರಡನೆಯದನ್ನು ಕಟ್ಟದೆ, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತು ದ್ವಾರಕನಾಥರಿಗೆ ಫೋನ್ ಮಾಡಿದ. ಚಂದನ್ ಊರಿನಲ್ಲಿರಲಿಲ್ಲ, ಕಾಂತಾಮಣಿಯವರ ಫೋನು ಎತ್ತುವವರಿರಲಿಲ್ಲ.

"ಅಂಕಲ್, ಕುಡೀಬೇಕು ಅನ್ನಿಸ್ತಿದೆ. ತುಂಬಾ. ಸ್ವಲ್ಪ ಬರ್ತೀರಾ?"

ಇಪ್ಪತ್ತು ನಿಮಿಷದಲ್ಲಿ ದ್ವಾರಕನಾಥರು ಬಾಗಿಲಲ್ಲಿದ್ದರು. ಮನೆಯೊಳಗಿನ ಚಪ್ಪಲಿಯಲ್ಲೇ ಟ್ರಾಮ್ ಹತ್ತಿ ಬಂದಿದ್ದರು. ಒಳಗೆ ಬಂದು, ಎಷ್ಟೋ ಸಭೆಗಳಲ್ಲಿ ಮಾತಾಡಿದ ಆ ಹಿರಿಯರು ಮಾತು ತೋಚದೆ ನಿಂತರು.

"ನಾನು ಈಗ ಏನು ಹೇಳ್ಬೇಕಪ್ಪ?"

"ಏನೂ ಹೇಳ್ಬೇಡಿ ಅಂಕಲ್. ಸುಮ್ನೆ ಇರಿ."

ಅವರು ಸುಮ್ಮನೆ ಇದ್ದರು. ಅವರ ಪಾಲಿಗೆ ಅದು ಸುಲಭದ ಕೆಲಸವಾಗಿರಲಿಲ್ಲ. ಸುಹಾಸ್ ಹುರುಳಿಕಾಯಿ ತಂದಿಟ್ಟ. ಇಬ್ಬರೂ ಎದುರುಬದುರು ಕುಳಿತು ನಾರು ತೆಗೆದರು. ಧೃತಿ ಭಾಗಾಕಾರದ ಲೆಕ್ಕ ತಂದು ತಾತನಿಗೆ ತೋರಿಸಿದಳು. ಅವರು ಮಾಡಿಕೊಟ್ಟರು. "ತಾತ, ಆನ್ಸರ್ ಕರೆಕ್ಟ್, ಆದ್ರೆ ನಮ್ಮ ಟೀಚರ್ ಹೀಗೆ ಮಾಡಿದ್ರೆ ಒಪ್ಪಲ್ಲ," ಎಂದು ಅವಳು ಅಳಿಸಿಹಾಕಿದಳು. ಸುಹಾಸ್ ನಕ್ಕ. ಎಂಟು ಗಂಟೆಯ ಹೊತ್ತಿಗೆ ಅವನ ಹೊಟ್ಟೆಯಲ್ಲಿ ಅನ್ನ, ಪಲ್ಯ, ಮಜ್ಜಿಗೆ ಇದ್ದವು. ಎದೆಯಲ್ಲಿ ಏಳುತ್ತಿದ್ದ ಆ ಅಲೆ ಇಳಿದುಹೋಗಿತ್ತು.

ಎಂಟೂವರೆಗೆ ನಿಶ್ಚಿತಾಳ ವಿಡಿಯೋ ಕರೆ ಬಂತು. ಧೃತಿಯೇ ಎತ್ತಿದಳು.

"ಮನೇಲಿ ಯಾರಿದಾರೆ ಕಂದಾ?"

"ತಾತ ಬಂದಿದಾರೆ. ಅಪ್ಪನೇ ಕರೆದ್ರು."

ನಿಶ್ಚಿತಾ ತೆರೆಗೆ ಹತ್ತಿರ ಬಂದಳು. ಅವಳ ಕಣ್ಣಂಚು ಒದ್ದೆಯಾದದ್ದನ್ನು ಸುಹಾಸ್ ಕಂಡ. ಅವಳು ಏನನ್ನೂ ವಿಚಾರಿಸಲಿಲ್ಲ.

"ಸರಿ ಸುಹಾಸ್. ನಾಳೆ ಬೆಳಿಗ್ಗೆ ನನ್ನ ಪ್ರೆಸೆಂಟೇಶನ್ ಇದೆ. ನಾನು ಈಗ ಮಲಗ್ತೀನಿ," ಎಂದಳು. ಮನೆ ಬಿಟ್ಟು ಬಂದ ಮೇಲೆ ಅವಳು ನಿಶ್ಚಿಂತೆಯಿಂದ ಬೇಗ ಮಲಗಿದ್ದು ಅದೇ ಮೊದಲು.

ಟ್ರಾಮ್ ನಿಲ್ದಾಣದವರೆಗೆ ಕಳಿಸಲು ತಂದೆ ಮಗಳು ಇಬ್ಬರೂ ಬಂದಾಗ ದ್ವಾರಕನಾಥರು ಹೇಳಿದರು: "ಸುಹಾಸ್, ಇಷ್ಟೇನಾ ಮಾಡ್ಬೇಕಾಗಿದ್ದು? ಬಂದು ಕೂತ್ಕೊಳ್ಳೋದು? ಇದನ್ನ ನನಗೆ ಮೊದಲೇ ಯಾರೂ ಹೇಳಲಿಲ್ವಲ್ಲಪ್ಪ."

ಓದುಗ ಮಹಾಶಯರೇ, ಈಗ ನಿಮಗೆ ಹೇಳಿಯಾಯಿತು. ಇನ್ನು ಗೊತ್ತಿರಲಿಲ್ಲವೆನ್ನಲು ನಿಮಗೆ ಅವಕಾಶವಿಲ್ಲ. ನೀವೇ ದಿನವೂ ಹೆಚ್ಚು ಕುಡಿಯುವವರಾದರೆ, ಒಬ್ಬರೇ ಒಮ್ಮೆಲೇ ನಿಲ್ಲಿಸುವ ಸಾಹಸಕ್ಕೆ ಇಳಿಯಬೇಡಿ. ಮೊದಲು ವೈದ್ಯರನ್ನು ಕಾಣಿರಿ, ನಿಜವನ್ನು ಹೇಳಿರಿ. ನಿಮ್ಮ ಊರಿನ ಸಲಹಾ ಕೇಂದ್ರದ ಬಾಗಿಲು ನಿಮಗಾಗಿಯೇ ತೆರೆದಿದೆ, ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯುತ್ತದೆ. ನೀವು ಕುಡಿಯದವರಾದರೆ ನಿಮ್ಮ ಕರ್ತವ್ಯ ಇನ್ನೂ ಸುಲಭ. ನಿಮ್ಮ ಬಳಗದಲ್ಲಿ ಒಬ್ಬರ ಹೆಸರು ಈಗಾಗಲೇ ನಿಮ್ಮ ಮನಸ್ಸಿಗೆ ಬಂದಿದೆ. ಬಂದಿಲ್ಲವೆಂದು ನಿಮಗೆ ನೀವೇ ಹೇಳಿಕೊಳ್ಳಬೇಡಿ. ಅವರಿಗೆ ಬುದ್ಧಿ ಹೇಳಬೇಡಿ. ಈ ಹಾಳೆಯನ್ನು ಕೆಳಗಿಟ್ಟು, ಫೋನ್ ಕೈಗೆತ್ತಿಕೊಂಡು, "ನಾಳೆ ಸಂಜೆ ನಿಮ್ಮ ಮನೆಗೆ ಬರ್ಲಾ?" ಎಂದು ಕೇಳಿ. ದಯವಿಟ್ಟು, ಇಂದೇ ಕೇಳಿ.